ತಲೆ ಹಾರಿದ ಬೋಲ್ಟು

“ಬಿಗಿ ಮಾಡು ಅಂದೆ. ಕತ್ತು ಮುರಿ ಅಂದೆನಾ?”

ಅಜ್ಜಿಯ ದನಿಗೆ ಶೆಡ್ಡಿನ ತಗಡೂ ಒಮ್ಮೆ ನಡುಗಿತು.

“ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಹೇಳ್ತಿದ್ದಿದ್ದು ಯಾರು?” ಎಂದಳು ಮೊಮ್ಮಗಳು ಇರುವೆ. ಅವಳೇನೂ ಬಿಟ್ಟುಕೊಡುವವಳಲ್ಲ.

“ಸ್ಪ್ಯಾನರಿಗೆ ಪೈಪ್ ಸಿಕ್ಕಿಸು ಅಂತ ಹೇಳಿದ್ದು ಯಾರು?”

ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿದರೆ ಬಲ ಹೆಚ್ಚುತ್ತದೆ ಎಂಬುದು ಇರುವೆಗೆ ಮೊದಲೇ ಗೊತ್ತಿತ್ತು. ಬಲ ಹೆಚ್ಚಾದರೆ ಏನಾಗುತ್ತದೆ ಎಂಬುದು ಈಗ ಗೊತ್ತಾಯಿತು. ಬೋಲ್ಟಿನ ತಲೆ ಟಕ್ಕೆಂದು ಹಾರಿ ಗ್ರೀಸ್ ಡಬ್ಬಿಯೊಳಗೆ ಬಿದ್ದಿತ್ತು. ಮುಂಡ ಮಾತ್ರ ದೋಣಿಯ ಅಂಚಿನಲ್ಲಿದ್ದ ಲೋಹದ ಕವಲಿನ ಬುಡದೊಳಗೇ ಉಳಿದಿತ್ತು. ಹುಟ್ಟನ್ನು ಕೂರಿಸುವುದು ಆ ಕವಲಿನ ಮೇಲೆ. ಅದು ಲೊಟಲೊಟ ಅಲ್ಲಾಡುತ್ತಿದ್ದರೆ ಹುಟ್ಟು ಹಾಕುವುದೆಲ್ಲಿಂದ ಬಂತು?

ಅವಳಿಗೆ ಇರುವೆ ಎಂದು ಹೆಸರಿಟ್ಟದ್ದು ಅಜ್ಜಿಯೇ. ಒಂದು ಕಡೆ ನಿಲ್ಲುವವಳಲ್ಲ, ತನಗಿಂತ ದೊಡ್ಡ ಸಾಮಾನು ಹೊರಲು ಹೋಗುವವಳು, ಮುಟ್ಟಿದರೆ ಕಚ್ಚುವವಳು. ಆ ಕಚ್ಚುವ ಬುದ್ಧಿ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಅಮ್ಮ ಅಜ್ಜಿಯ ಕಡೆ ನೋಡಿ ಸುಮ್ಮನೆ ನಗುತ್ತಿದ್ದಳು.

ದೋಣಿ ಸ್ಕೂಲಿನದು. ಕೆಟ್ಟ ದೋಣಿಗಳೆಲ್ಲ ಅಜ್ಜಿಯ ಶೆಡ್ಡಿಗೇ ಬರುವಂತೆ ಇದೂ ಬಂದಿತ್ತು. ನಾಳೆ ಬೆಳಿಗ್ಗೆ ಅದರಲ್ಲಿ ಸುತ್ತಾಡಲು ಹೋಗುವ ಸರದಿ ಐದನೇ ಕ್ಲಾಸಿನವರದು, ಅಂದರೆ ಇರುವೆಯ ಕ್ಲಾಸಿನದು. ರಿಪೇರಿ ಮಾಡುತ್ತಿರುವುದು ತಾನೇ ಎಂದು ಅವಳು ಸ್ಕೂಲೆಲ್ಲ ಡಂಗುರ ಹೊಡೆದಿದ್ದಳು. ಈಗ ಮುಂಡ ಹೊರಗೆ ಬರದಿದ್ದರೆ ಇಡೀ ಕ್ಲಾಸು ದಡದಲ್ಲಿ ಸಾಲಾಗಿ ಕೂತು ಅವಳ ಮುಖ ನೋಡುತ್ತದೆ.

“ಅಜ್ಜಿ, ನೀನೇ ತೆಗೆದ್ಬಿಡು,” ಎಂದಳು, ದನಿಗೆ ಬೆಣ್ಣೆ ಹಚ್ಚಿ.

“ಮುರಿದವರೇ ತೆಗೀಬೇಕು. ಈ ಶೆಡ್ಡಲ್ಲಿ ಅದೇ ರೂಲ್ಸು. ನಿಮ್ಮಪ್ಪನ್ನ ಕೇಳು.”

ಅಪ್ಪ ಚಿಕ್ಕವನಿದ್ದಾಗ ಮುರಿದ ಬೋಲ್ಟೊಂದನ್ನು ತೆಗೆಯಲು ಊಟ ಬಿಟ್ಟು ಕೂತಿದ್ದನಂತೆ. ಅದನ್ನು ಅಜ್ಜಿ ಎಷ್ಟು ಖುಷಿಯಿಂದ ಹೇಳಿದಳೆಂದರೆ, ಅಪ್ಪ ಅಲ್ಲಿ ಇಲ್ಲದ್ದೇ ಒಳ್ಳೆಯದಾಯಿತು.

ಕೆಲಸ ಶುರುವಾಯಿತು. ಇರುವೆ ಮುಂಡದ ಸುತ್ತ ಎಣ್ಣೆ ಬಿಟ್ಟಳು. ಅದು ಇಳಿಯುವವರೆಗೆ ಕಾಯಲಾರದೆ ಶೆಡ್ಡಿನೊಳಗೆ ಸುತ್ತು ಹೊಡೆದಳು. ಆಮೇಲೆ ಮುರಿದ ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿದಳು. ಅಜ್ಜಿ ಡ್ರಿಲ್ ಹಿಡಿದು ನಟ್ಟನಡುವೆ ಒಂದು ತೂತು ಕೊರೆದುಕೊಟ್ಟಳು. ಡ್ರಿಲ್ ಮಕ್ಕಳ ಕೈಗೆ ಕೊಡುವುದಲ್ಲ, ಅಷ್ಟು ಮಾತ್ರ ತನ್ನ ಕೆಲಸ ಎಂದಳು.

ನಂತರ ಪೆಟ್ಟಿಗೆಯಿಂದ ತಿರುಚಿದ ಬಾಲದಂಥ ಒಂದು ಕಡ್ಡಿಯನ್ನು ಹೊರತೆಗೆದಳು. ಅದನ್ನು ತೂತಿಗೆ ಇಳಿಸಿ ಎಡಕ್ಕೆ ತಿರುಗಿಸಬೇಕು. ಕಡ್ಡಿ ಒಳಗೆ ಕಚ್ಚಿಕೊಂಡು, ಮುಂಡವನ್ನೂ ತನ್ನ ಜೊತೆ ಎಡಕ್ಕೆ ತಿರುಗಿಸಿ ಮೇಲಕ್ಕೆ ತರುತ್ತದೆ. ಆದರೆ ಕಡ್ಡಿಯದು ಗಾಜಿನಂಥ ಸ್ವಭಾವ, ಗಟ್ಟಿ ಇದ್ದಷ್ಟೇ ಬೇಗ ಮುರಿಯುತ್ತದೆ. ಅದೂ ಒಳಗೇ ಮುರಿದರೆ ಯಾವ ಡ್ರಿಲ್ಲಿಗೂ ಬಗ್ಗದು. ಆಮೇಲೆ ನಾಳೆಯ ಮಾತೇ ಇಲ್ಲ.

“ಕೈಗೆ ಸ್ಪ್ರಿಂಗ್ ಥರ ಅನ್ನಿಸಿದ್ರೆ ನಿಲ್ಲಿಸ್ಬೇಕು,” ಎಂದಳು ಅಜ್ಜಿ. “ಸ್ವಲ್ಪ ಹಿಂದಕ್ಕೆ ಬಿಟ್ಟು, ಮತ್ತೆ ತಿರುಗಿಸ್ಬೇಕು. ಹಠ ಮಾಡಿದ್ಯೋ, ಮುಗೀತು.”

ಇರುವೆ ಕಡ್ಡಿಯನ್ನು ತೂತಿಗೆ ಇಳಿಸಿ, ಅದರ ತುದಿಗೆ ಹಾಕಿದ್ದ ಹಿಡಿ ಹಿಡಿದಳು. ಅಜ್ಜಿ ಬಾಯಿ ಹಿಡಿಯಲಿಲ್ಲ. ನೆಟ್ಟಗೆ ಹಿಡಿ ಎಂದಳು, ಮೊಣಕೈ ಇಳಿಸು ಎಂದಳು, ಹಾಗಲ್ಲ ಎಂದಳು, ಹೀಗೂ ಅಲ್ಲ ಎಂದಳು. ಕಾಲು ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು ಎಂದೂ ಹೇಳಿದಳು. ಇರುವೆಯ ಅಂಗೈ ಬೆವರಿತು. ಸ್ಪ್ರಿಂಗ್ ಯಾವುದು, ಕಬ್ಬಿಣ ಯಾವುದು, ಒಂದೂ ತಿಳಿಯದೆ ಅವಳು ಹಿಡಿ ಬಿಟ್ಟು ಎದ್ದು ನಿಂತಳು.

“ಅಜ್ಜಿ, ನೀನು ಹೇಳ್ತಾ ಇದ್ರೆ ನಂಗೆ ಬರೀ ಕಿವಿ ಇರುತ್ತೆ. ಕೈ ಇರಲ್ಲ.”

ಮಾತು ಆಡಿದ ಮೇಲೆ ಅವಳಿಗೇ ಭಯವಾಯಿತು. ಕೈಯಲ್ಲಿ ಏನೂ ಅಂಟಿರದಿದ್ದರೂ ಅಜ್ಜಿ ಬಟ್ಟೆ ತೆಗೆದುಕೊಂಡು ಒರೆಸಿಕೊಂಡಳು.

“ಟೀ ಕುಡ್ಕೊಂಡ್ ಬರ್ತೀನಿ,” ಎಂದು ಹೊರಟೇಬಿಟ್ಟಳು.

ಇರುವೆ ಕಾಯುತ್ತ ಕೂತಳು. ಅಜ್ಜಿ ಬರಲಿ, ಕ್ಷಮೆ ಕೇಳಿ ಶುರುಮಾಡಿದರಾಯಿತು ಎಂದುಕೊಂಡಳು. ಬರಲಿಲ್ಲ. ತಗಡಿನ ಸಂದಿಗೆ ಕಣ್ಣಿಟ್ಟು ನೋಡಿದಳು. ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಅಜ್ಜಿ ಶೆಡ್ಡಿಗೆ ಬೆನ್ನು ಹಾಕಿ ಕೂತಿದ್ದಳು. ಖಾಲಿ ಗ್ಲಾಸು ಕೊಟ್ಟಳು. ಈಗ ಎದ್ದಳು, ಈಗ ಬಂದಳು ಎನ್ನುವಷ್ಟರಲ್ಲಿ ಇನ್ನೊಂದು ಗ್ಲಾಸು ಟೀ ಹಾಕಿಸಿಕೊಂಡಳು. ಎರಡನೇ ಟೀ ಕುಡಿಯುವವರನ್ನು ಸೋಮಾರಿಗಳೆಂದು ಬಯ್ಯುವ ಅಜ್ಜಿ! ಗ್ಲಾಸು ಪಕ್ಕದಲ್ಲಿ ಆರುತ್ತಿತ್ತು. ಅಜ್ಜಿಯ ಎರಡು ಕೈಗಳೂ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

ಇರುವೆ ಸಂದಿಯಿಂದ ಕಣ್ಣು ತೆಗೆದಳು. ಅಜ್ಜಿ ಈಗ ಬರುವುದಿಲ್ಲ.

ಅವಳು ಅಂಗೈ ಒರೆಸಿಕೊಂಡು ಹಿಡಿ ಹಿಡಿದಳು. ತಿರುಗಿಸಿದಳು. ಕೈಗೆ ಏನೋ ಜಗ್ಗಿ ಹಿಂದಕ್ಕೆಳೆದ ಹಾಗಾಯಿತು. ಓಹೋ, ಸ್ಪ್ರಿಂಗ್ ಅಂದರೆ ಇದಾ! ನಿಲ್ಲಿಸಿದಳು, ಹಿಂದಕ್ಕೆ ಬಿಟ್ಟಳು. ಒಂದು ತೊಟ್ಟು ಎಣ್ಣೆ ಬಿಟ್ಟು, ನೆಲದಲ್ಲಿ ಬಿದ್ದಿದ್ದ ಪೈಪಿನ ಕಡೆ ನೋಡದೆ ಮತ್ತೆ ತಿರುಗಿಸಿದಳು. ಮತ್ತೆ ಜಗ್ಗಿತು. ಮತ್ತೆ ಬಿಟ್ಟಳು. ಎಷ್ಟು ಸಲ ಹೀಗೆ ಮಾಡಿದಳೋ ಅವಳಿಗೇ ಲೆಕ್ಕವಿರಲಿಲ್ಲ.

ಕಿರ್ರ್ ಎಂದಿತು.

ಕಡ್ಡಿ ಮುರಿಯಿತೆಂದೇ ಅವಳು ಅಂದುಕೊಂಡಳು. ಬಗ್ಗಿ ನೋಡಿದಳು. ಕಡ್ಡಿ ನೆಟ್ಟಗೆ ಇತ್ತು. ಅಲುಗಿದ್ದು ಮುಂಡ. ಕೂದಲಿನಷ್ಟೇ ಮೇಲೆ ಬಂದಿತ್ತು, ಆದರೆ ಬಂದಿತ್ತು.

“ಅಜ್ಜಿ” ಎಂದು ಕೂಗಲು ಬಾಯಿ ತೆರೆದಳು. ಆಚೆಯಿಂದ ಅಜ್ಜಿಯ ದನಿ ಕೇಳಿಸಿತು. ಸಕ್ಕರೆ ಕಡಿಮೆಯಾಗಿದೆ ಎಂದು ಟೀ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಳು. ಜಗಳ ಸದ್ಯಕ್ಕೆ ಮುಗಿಯುವ ಹಾಗಿರಲಿಲ್ಲ.

ಇರುವೆ ಬಾಯಿ ಮುಚ್ಚಿಕೊಂಡು, ಒಳಗೊಳಗೇ ನಗುತ್ತ, ಇನ್ನೊಂದಿಷ್ಟು ತಿರುಗಿಸಿದಳು.