ಗು ಮೇಷ್ಟ್ರ ಕೊನೆಯ ಪತ್ರ

ಹೊಸ ಸೇತುವೆಯ ಕಲ್ಲಿನ ಮೇಲಿನ ನಲವತ್ತೆಂಟು ಅಕ್ಷರಗಳೂ ತಾಂಗ್ ಬಿಂಗನ ಕೈಯವು. ಕೆಳಗೆ ಕೆತ್ತಿದ ಹೆಸರು ಮಾತ್ರ ಅವನ ಗುರು ಗು ಶಿಯನ್ ಮೇಷ್ಟ್ರದು. ಬಂದವರು ಕಲ್ಲನ್ನು ಸವರಿ, "ಎಪ್ಪತ್ತರ ಮುದುಕನ ಕೈಗೆ ಇನ್ನೂ ಎಂಥಾ ಕಸುವು ನೋಡ್ರಿ!" ಎಂದು ತಲೆದೂಗುವಾಗ ಬಿಂಗ್ ಪಕ್ಕದಲ್ಲೇ ನಿಂತು ಹಲ್ಲು ಕಚ್ಚುತ್ತಿದ್ದ.

ಮೇಷ್ಟ್ರು ನ್ಯಾಯಕಚೇರಿಯ ಹಿರಿಯ ಲಿಪಿಕಾರರು. ಆರು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಗಿತ್ತು. ಅಂದಿನಿಂದ ಅವರು ಹೇಳಿದ್ದನ್ನು ಅವರದೇ ಬರಹದಲ್ಲಿ ಇಳಿಸುವುದು ಬಿಂಗನ ಕೆಲಸ. ಮೇಷ್ಟ್ರ ಮಗಳು ಯುಯೆಯನ್ನು ಬಿಟ್ಟರೆ ಈ ಗುಟ್ಟು ಇನ್ನಾರಿಗೂ ತಿಳಿಯದು. ಈಗ ಸೇತುವೆಯ ಬರಹವನ್ನು ಮೆಚ್ಚಿ ಮೇಷ್ಟ್ರಿಗೆ ರಾಜಧಾನಿಯಿಂದ ಕರೆ ಬಂದಿತ್ತು.

"ಈ ಸಲವಾದ್ರೂ ನನ್ನ ಹೆಸರು ಹೇಳಿ ಮೇಷ್ಟ್ರೇ," ಎಂದು ಬಿಂಗ್ ಕೇಳಿಕೊಂಡ.

ಮುದುಕ ನಕ್ಕುಬಿಟ್ಟ. "ಮಂಕೇ! ಬಾತುಕೋಳಿ ಸಾರು ರುಚಿಯಾಗಿದೆ ಅಂತ ಯಾರಾದ್ರೂ ಸೌಟಿಗೆ ಕೈ ಮುಗೀತಾರೇನೋ?"

ಅಂದಿನಿಂದ ಬಿಂಗನಿಗೆ ಕೂತಲ್ಲಿ ಕೂರಲಾಗಲಿಲ್ಲ, ಅನ್ನ ಸೇರಲಿಲ್ಲ. ಮೂರನೆಯ ದಿನ ಉಪಾಯ ಹೊಳೆಯಿತು. ಮುದುಕ ಸಾಯಬೇಕು. ಸಾಯುವ ಮುನ್ನ ಸತ್ಯವನ್ನು ತಾನೇ ಬರೆದಿಡಬೇಕು. ಅದನ್ನು ಬರೆಯಲು ಬಿಂಗನಿಗಿಂತ ತಕ್ಕವನು ಯಾರು?

ಹನ್ನೊಂದು ದಿನ ಅಭ್ಯಾಸ ಮಾಡಿದ. ಮೇಷ್ಟ್ರದೇ ಕಾಗದ, ಮೇಷ್ಟ್ರದೇ ಮಸಿಗಲ್ಲಿನ ಮೇಲೆ ತೇಯ್ದ ಮೇಷ್ಟ್ರದೇ ಮಸಿ. ಅವಸರದವನಾಗಿದ್ದರೆ ಬರಹ ಗಟ್ಟಿಯಾಗಿಯೇ ಇರುತ್ತಿತ್ತು. ನಡುಗುವ ಕೈಯ ಸಂಗತಿ ಬಲ್ಲ ಯುಯೆ ಥಟ್ಟನೆ ಹಿಡಿಯುತ್ತಿದ್ದಳು. ಬಿಂಗ್ ಉದ್ದನೆಯ ಗೆರೆಗಳಲ್ಲಿ ಮಾತ್ರ, ಮುದುಕನಿಗೆ ಎಲ್ಲಿ ನಡುಕ ಬರುತ್ತಿತ್ತೋ ಅಲ್ಲೇ, ಅಷ್ಟೇ ನಡುಕ ತಂದ. ಕರಡುಗಳನ್ನು ಸುಟ್ಟು ಬೂದಿಯನ್ನು ಕದಡಿದ.

ಮೇಷ್ಟ್ರು ದಿನಾ ಬೆಳಕು ಹರಿಯುವ ಹೊತ್ತಿಗೆ ಒಬ್ಬರೇ ಸರೋವರದ ಮೆಟ್ಟಿಲಿಗೆ ಹೋಗಿ, ಬೂಟು ಕಳಚಿಟ್ಟು ನೀರಿಗಿಳಿದು ಕುಂಚ ತೊಳೆಯುತ್ತಿದ್ದರು. ಒಂಬತ್ತನೆಯ ತಿಂಗಳ ಮಂಜು ಕವಿದಾಗ ಮೀನುಗಾರರು ಆಚೆ ದಡದಲ್ಲೇ ಉಳಿಯುವುದನ್ನು ಬಿಂಗ್ ಗುರುತಿಸಿಟ್ಟುಕೊಂಡಿದ್ದ.

ಹೆಜ್ಜೆ ಸಪ್ಪಳಕ್ಕೆ ಮುದುಕ ತಿರುಗಿದ. "ನೀನೇನೋ? ಬಂದಿದ್ದು ಒಳ್ಳೇದಾಯ್ತು, ಇದನ್ನ ಹಿಡ್ಕೋ," ಎಂದು ಒದ್ದೆ ಕುಂಚ ಚಾಚಿದ. ಬಿಂಗ್ ಅದನ್ನು ತೆಗೆದುಕೊಂಡ. ಆಮೇಲೆ ತಳ್ಳಿದ. ನೀರು ಸುಮ್ಮನಾಗುವವರೆಗೆ ನಿಂತು, ಪತ್ರವನ್ನು ಬೂಟಿನಡಿ ಇಟ್ಟು ನಡೆದ. ಅರ್ಧ ದಾರಿಯಲ್ಲಿ ನೋಡಿದರೆ ಕುಂಚ ಇನ್ನೂ ಕೈಯಲ್ಲೇ ಇತ್ತು. ಓಡಿ ಹೋಗಿ ಅದನ್ನೂ ನೀರಿಗೆಸೆದ.

ಮಧ್ಯಾಹ್ನ ನ್ಯಾಯಾಧಿಪತಿ ಫಾನ್ ಅವರು ಪತ್ರವನ್ನು ಹಳೆಯ ಬರಹಗಳ ಪಕ್ಕದಲ್ಲಿಟ್ಟು ಗೆರೆಗೆರೆಯನ್ನೂ ಹೋಲಿಸಿದರು. ಬಿಂಗ್ ಅಂಗಿಯ ತೋಳಿನೊಳಗೆ ಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದ.

"ನಿನಗೆ ಅನ್ಯಾಯ ಆಗಿತ್ತು ಕಣಯ್ಯ," ಎಂದರು ಫಾನ್ ಕೊನೆಗೆ. "ಆರು ವರ್ಷದಿಂದ ತನ್ನ ಕೈ ನಡುಗ್ತಿತ್ತು, ಸೇತುವೆ ಬರಹ ನಿಂದೇ ಅಂತ ಬರೆದಿಟ್ಟಿದ್ದಾರೆ. ತನ್ನ ಹಾಗೇ ಬರೆಯಬಲ್ಲವನು ಲೋಕದಲ್ಲಿ ನೀನೊಬ್ಬನೇ ಅಂತಾನೂ ಇದೆ. ರಾಜಧಾನಿಗೆ ನಿನ್ನ ಹೆಸರನ್ನೇ ಕಳಿಸ್ತೀನಿ."

ಬಿಂಗ್ ನೆಲಕ್ಕೆ ಹಣೆ ಹಚ್ಚಿ ಅತ್ತ. ಅಳು ನಿಜವಾಗಿಯೇ ಬಂತು.

ಶವವನ್ನು ಒಪ್ಪಿಸಿಕೊಳ್ಳಲು ಸೂತಕದ ನಾರುಬಟ್ಟೆ ಉಟ್ಟ ಯುಯೆ ಬಂದಳು. ಪತ್ರವನ್ನು ಎರಡು ಕೈಯಲ್ಲೂ ಹಿಡಿದು ಓದಿದಳು. ನಡುಕದ ಗೆರೆಗಳ ಮೇಲೆ ಅವಳ ಕಣ್ಣು ತಡೆಯದೆ ಸಾಗುವುದನ್ನು ನೋಡಿ ಬಿಂಗನ ಎದೆ ಹಗುರಾಯಿತು. ಕೊನೆಯ ಸಾಲಿನಲ್ಲಿ ಅವಳು ನಿಂತಳು. 'ನನಗೆ ಇನ್ನು ಶಾಂತಿ ಬೇಕು' ಎಂಬ ಸಾಲು ಅದು. ಇಡೀ ಪತ್ರದಲ್ಲಿ ಬಿಂಗನಿಗೆ ಅತಿ ಮೆಚ್ಚುಗೆಯಾದದ್ದು.

"ಇದು ಅಪ್ಪ ಬರೆದಿದ್ದಲ್ಲ ಸ್ವಾಮಿ," ಎಂದಳು. "ಶಾಂತಿ ಅನ್ನೋದಕ್ಕೆ ಇಲ್ಲಿ 'ಜಿಂಗ್' ಅಂತ ಬರೆದಿದೆ. ನಮ್ಮ ತಾತನ ಹೆಸರು ಗು ಜಿಂಗ್." ಹೆತ್ತ ತಂದೆಯ ಹೆಸರಿನ ಅಕ್ಷರವನ್ನು ಮರ್ಯಾದೆಗಾಗಿ ಯಾವ ಮಗನೂ ಬರೆಯುವುದಿಲ್ಲ, ಅದು ಬಿಂಗನಿಗೆ ಗೊತ್ತಿಲ್ಲದ್ದಲ್ಲ, ಆದರೆ ಮೇಷ್ಟ್ರ ತಂದೆ ದೂರದ ಸೀಮೆಯಲ್ಲಿ ಎಂದೋ ತೀರಿಕೊಂಡಿದ್ದ, ಅವನ ಹೆಸರನ್ನು ಬಿಂಗ್ ಕೇಳಿರಲೇ ಇಲ್ಲ. ಆರು ವರ್ಷ ಮುದುಕ ಹೇಳಿ ಬರೆಸಿದ ಸಾವಿರಾರು ಹಾಳೆಗಳನ್ನು ಅವನ ಮನಸ್ಸು ತಡಕಾಡಿತು. ಆ ಅಕ್ಷರ ಒಂದರಲ್ಲೂ ಇರಲಿಲ್ಲ. ಫಾನ್ ಪತ್ರವನ್ನು ಮರಳಿ ಕೈಗೆ ತೆಗೆದುಕೊಂಡು, ಮೊದಲಿನಿಂದ ನಿಧಾನವಾಗಿ ಓದಿದರು. ಬಳಿಕ ತಲೆ ಎತ್ತಿ, "ಬಿಂಗ್," ಎಂದರು, "ಇವರ ಹಾಗೇ ಬರೆಯೋರು ಲೋಕದಲ್ಲಿ ಇನ್ಯಾರಿದಾರಯ್ಯ?"