ಬಾಯಿಗಾಳಿ

"ಬಿಚ್ಚು, ತೊಳಿ, ಏನು ಬೇಕೋ ಮಾಡ್ಕೋ. ಆದ್ರೆ ಇದರೊಳಗೆ ಬಾಯಿಟ್ಟು ಊದಬೇಡ. ಬೇರೆಯವರ ಕೈಲೂ ಊದಿಸಬೇಡ" ಎಂದಳು ಮಿಸ್ತ್ರಿಯ ಹೆಂಡತಿ.

ಫಿಟ್ಟರನಿಗೆ ನಗು ತಡೆಯಲಾಗಲಿಲ್ಲ. ಅವನು ಈ ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಕಾರ್ಖಾನೆಯಲ್ಲಿ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ಅಕ್ಕ. ಅಪ್ಪನ ಕಾಲದ ಮೋಟಾರುಬೈಕಿಗೆ ಹೊಂದುವ ಎಂಜಿನ್ನು ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿದೆಯೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದೇ ತಡ, ರಜೆಯ ದಿನ ಸೈಕಲ್ಲು ತುಳಿದುಕೊಂಡು ಬಂದುಬಿಟ್ಟಿದ್ದ.

"ಊದಿದ್ರೆ ಏನಾಗುತ್ತಮ್ಮಾ? ಬಲೂನ್ ಥರ ಹಾರಿಹೋಗುತ್ತಾ?"

ಆಕೆ ನಗಲಿಲ್ಲ. ಅರ್ಧ ಮೈ ಬಾಗಿಲ ಹೊರಗೆ, ಅರ್ಧ ಒಳಗೆ ಇಟ್ಟುಕೊಂಡು ನಿಂತಿದ್ದಳು. ಒಳಗಿದ್ದ ಕಾಲು ಒಂದು ಕಾಲುಪಂಪನ್ನು ಒತ್ತುತ್ತಿತ್ತು. ಉಸ್... ಪುಸ್... ಉಸ್... ಪುಸ್... ಪಂಪಿನ ರಬ್ಬರ್ ಕೊಳವೆ ಹಿಂದಿನ ಕತ್ತಲೆಕೋಣೆಯೊಳಗೆ ಹೋಗಿ ಮರೆಯಾಗಿತ್ತು. ಒಳಗಿಂದ ಔಷಧಿಯ, ಬಹಳ ದಿನ ಮಲಗಿದ ಹಾಸಿಗೆಯ ವಾಸನೆ ಬರುತ್ತಿತ್ತು. ಯಾವುದೋ ಟೈರಿಗೆ ಗಾಳಿ ಹಾಕುತ್ತಿದ್ದಾಳೆ ಅಂದುಕೊಂಡ ಪುಣ್ಯಾತ್ಮ. ಅಷ್ಟು ಹೊತ್ತಿನಿಂದ ಹಾಕಿದರೂ ತುಂಬದ ಟೈರು ಯಾವುದಪ್ಪಾ ಎಂದು ಕೇಳುವ ಬುದ್ಧಿ ಬರಲಿಲ್ಲ.

"ಮಾಟದ್ದು ಇದು. ಊದಿದವರ ಉಸಿರು ಹಿಡ್ಕೊಳ್ಳುತ್ತೆ. ಹೇಳಬೇಕಾದ್ದು ಹೇಳಿದೀನಿ. ಕೇಳಿಸ್ತು ತಾನೇ?"

"ಕೇಳಿಸ್ತು, ಕೇಳಿಸ್ತು."

"ಕೇಳಿಸ್ತು ಅಂತ ಇನ್ನೊಂದ್ಸಲ ಹೇಳು."

ಅವನು ಕೈಮುಗಿದು ನಾಟಕದ ದನಿಯಲ್ಲಿ ಇನ್ನೊಮ್ಮೆ ಹೇಳಿದ. ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ನಗುತ್ತಾ ಮನೆಗೆ ಬಂದು, ಅಕ್ಕನಿಗೂ ಅದನ್ನು ಹೇಳಿ ನಗಿಸಿದ.

ಮನೆಯ ಮುಂದಿನ ಕೋಣೆ ಅಕ್ಕ ತಮ್ಮ ಇಬ್ಬರಿಗೂ ಕಾರ್ಖಾನೆಯೇ. ಕಿಟಕಿಯ ಪಕ್ಕ ಅಕ್ಕನ ಹೊಲಿಗೆ ಯಂತ್ರ, ಎದುರಿನ ಗೋಡೆಗೆ ಅಪ್ಪನ ಬೈಕು. ಬೈಕಿನ ಸ್ವಂತ ಎಂಜಿನ್ನಿನೊಳಗೆ ಸರಳು ಮುರಿದು ಹೊಟ್ಟೆಯನ್ನೇ ಸೀಳಿಕೊಂಡು ಹೊರಬಂದಿತ್ತು. ಅದನ್ನು ಬೆಸೆದು ಉಪಯೋಗವಿರಲಿಲ್ಲ. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಹೊಲಿಗೆ ಯಂತ್ರವನ್ನು ತುಳಿದು ತುಳಿದೇ ಅವಳು ಅವನನ್ನು ಓದಿಸಿದಳು, ಮದುವೆಯ ಮಾತು ಬಂದಾಗೆಲ್ಲ ಇವನೊಬ್ಬ ದಡ ಸೇರಲಿ ಎಂದು ಮುಂದಕ್ಕೆ ಹಾಕಿದಳು. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಸುತ್ತಿಸುತ್ತಿದ್ದನಂತೆ. ಅದೇ ಬೈಕಿನಲ್ಲಿ ಅವಳನ್ನು ಒಮ್ಮೆ ಕೂರಿಸಿಕೊಂಡು ಹೋಗಬೇಕು, ಅಷ್ಟೇ ಅವನ ಆಸೆ.

ಜಾಮಾಗಿದ್ದ ಎಂಜಿನ್ನನ್ನು ಬಿಚ್ಚಲು ಮೂರು ಸಂಜೆ ಹಿಡಿಯಿತು. ಸಿಲಿಂಡರು ಕಳಚಿಬಂದಾಗ ಸುಟ್ಟ ಕೂದಲಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ತಳದ ಕಪ್ಪು ಎಣ್ಣೆಯಲ್ಲಿ ಗಂಟು ಹಾಕಿದ ದಾರವೊಂದು ಸಿಕ್ಕಿತು. ಎಣ್ಣೆ ಹೋಗುವ ತೂತಿನ ಸುತ್ತ, ಮೊಳೆಯಿಂದ ಗೀರಿದಂತೆ, ಓದಲಾಗದ ಅಕ್ಷರಗಳು ದುಂಡಗೆ ಸುತ್ತಿಕೊಂಡಿದ್ದವು.

"ಯಾವ ಮಿಸ್ತ್ರಿಯೋ ತನ್ನ ಹೆಸರು ಕೆತ್ತಿಕೊಂಡಿದ್ದಾನೆ" ಎಂದು ಸೀಮೆಎಣ್ಣೆಯಲ್ಲಿ ತೊಳೆದ.

ಹೊಸ ಪಿಸ್ಟನ್ ಬಂತು, ರಿಂಗು ಬಂತು. ಎಲ್ಲ ಒರೆಸಿ ಜೋಡಿಸುವ ಹೊತ್ತಿಗೆ ಒರೆಸಿದ ಬಟ್ಟೆಯ ಒಂದು ಎಳೆ ಎಣ್ಣೆಯ ತೂತಿನೊಳಗೆ ಸಿಕ್ಕಿಕೊಂಡಿತು. ಎರಡು ಕೈಯಲ್ಲೂ ಎಂಜಿನ್ನಿನ ಹೊಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಪಕ್ಕದಲ್ಲೇ ಅಕ್ಕ ಬಾಬಿನ್ ತೆಗೆದು, ದಿನಕ್ಕೆ ಹತ್ತು ಸಲ ಮಾಡುವಂತೆ, ಹತ್ತಿಯ ದೂಳನ್ನು ಫೂ ಎಂದು ಊದುತ್ತಿದ್ದಳು.

"ಅಕ್ಕಾ, ಇಲ್ಲೊಂದ್ಸಲ ಊದು."

"ಬೇಡ ಅಂದಿದ್ರಲ್ಲೋ ಆಯಮ್ಮ."

"ಊದೇ ಮಾರಾಯ್ತಿ. ಯಾವ ದೆವ್ವ ಬರುತ್ತೋ ನೋಡೇಬಿಡೋಣ. ಬಂದ್ರೆ ಎರಡು ಜೇಬು ಹೊಲಿಸ್ಕೊಂಡು ಹೋಗಲಿ."

ಅಕ್ಕ ನಕ್ಕು, ಬಾಗಿ, ಊದಿದಳು. ಎಳೆ ಹಾರಿಹೋಯಿತು. ತೂತಿನಿಂದ ಸಣ್ಣಗೆ ಯಾರೋ ಗಾಳಿ ಒಳಗೆಳೆದುಕೊಂಡಂಥ ಸದ್ದಾಯಿತು. ಅಕ್ಕನ ತುಟಿಯ ಮೇಲೆ ಕಪ್ಪು ಎಣ್ಣೆಯ ಒಂದು ಉಂಗುರ ಉಳಿಯಿತು. ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ.

ಮಾರನೆಯ ದಿನದಿಂದ ಅವಳಿಗೆ ಒಂದು ಕೊಡ ನೀರು ಎತ್ತಿದರೆ ಏದುಸಿರು. ವಯಸ್ಸಾಯ್ತು ಕಣೋ ಎಂದಳು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಎಲ್ಲ ಸರಿಯಾಗಿದೆ, ರೆಸ್ಟ್ ತಗೊಳ್ಳಿ ಎಂದರು. ಫಿಟ್ಟರನಿಗೂ ಹೌದೆನ್ನಿಸಿತು. ಅವನ ಮನಸ್ಸೆಲ್ಲ ಬೈಕಿನಲ್ಲಿತ್ತು.

ಮುಂದಿನ ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಂಜಿನ್ನು ಬೈಕಿನ ಮೇಲೆ ಕೂತಿತ್ತು. ಹಳೆಯ ಬೋಲ್ಟುಗಳೇ ಸರಿಯಾಗಿ ಹೊಂದಿದವು. ಅಕ್ಕ ಒಳ್ಳೆಯ ಸೀರೆಯುಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಮೂರನೆಯ ಒದೆತಕ್ಕೆ ಎಂಜಿನ್ನು ಹತ್ತಿಕೊಂಡಿತು.

ಎಂಥ ಸದ್ದು ಅದು. ಅಪ್ಪ ಗಲ್ಲಿಯ ತಿರುವಿನಲ್ಲಿ ಬರುವಾಗ ಕೇಳುತ್ತಿದ್ದುದು ಇದೇ ಸದ್ದು. ಫಿಟ್ಟರನ ಕಣ್ಣು ತುಂಬಿ ಬಂತು.

"ನೋಡಿದ್ಯಾ ಅಕ್ಕಾ" ಎಂದು ಸ್ವಿಚ್ಚು ಆರಿಸಿ ತಿರುಗಿದ.

ಅಕ್ಕನ ಬಾಯಿ ತೆರೆದಿತ್ತು. ಮಾತಿಲ್ಲ. ಎದೆ ಏಳುತ್ತಿಲ್ಲ. ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. ಭುಜ ಹಿಡಿದು ಅಲುಗಿಸಿದ. ತುಟಿ ನೀಲಿಗಟ್ಟುತ್ತಿತ್ತು. ಆ ನೀಲಿಯ ಮೇಲೆ ಕಪ್ಪು ಉಂಗುರ ಎದ್ದು ಕಂಡಿತು. ಆಗ ನೆನಪಾಯಿತು. ಓಡಿದ. ಒದ್ದ. ಹತ್ತಲಿಲ್ಲ. ಮತ್ತೆ ಒದ್ದ. ಪೆಟ್ರೋಲಿನ ವಾಸನೆ. ಅಕ್ಕ ಹೊಸ್ತಿಲಿಂದ ಪಕ್ಕಕ್ಕೆ ವಾಲಿದಳು. ಒದ್ದ. ಒದ್ದ. ಹತ್ತಿತು.

ಅಕ್ಕ ಉಸಿರೆಳೆದಳು.

ಒಂದು ಸಲವಾದರೆ ಆಕಸ್ಮಿಕವಿರಬಹುದು. ಫಿಟ್ಟರನ ತಲೆ ಹಾಗೆ. ಎರಡು ಸಲ ಅಳತೆ ಹಿಡಿಯದೆ ಏನನ್ನೂ ನಂಬಿದವನಲ್ಲ. ಸ್ವಿಚ್ಚು ಆರಿಸಿದ. ಅಕ್ಕನ ಎದೆ ಅಲ್ಲೇ ನಿಂತಿತು. ಈ ಸಲ ಒಂದೇ ಒದೆತಕ್ಕೆ ಹತ್ತಿಸಿದ. ಉಸಿರು ಬಂದ ಮೇಲೆ ಅಕ್ಕ ಕೇಳಿದಳು: "ಯಾಕೋ... ಎರಡನೇ ಸಲ... ಆರಿಸಿದೆ?" ಆ ಪ್ರಶ್ನೆಯನ್ನು ಅವನು ಸಾಯುವತನಕ ಮರೆಯುವುದಿಲ್ಲ.

ಟ್ಯಾಂಕು ತುಂಬ ಪೆಟ್ರೋಲು ಸುರಿದು, ಎಂಜಿನ್ನನ್ನು ನಿಧಾನಕ್ಕೆ ಓಡುವಂತೆ ಬಿಟ್ಟು, ಸೈಕಲ್ಲು ಹತ್ತಿದ.

ಶೆಡ್ಡಿನ ಮುಂದೆ ಬಿಸಿಲಿಗೆ ಮಂಚ ಹಾಕಿತ್ತು. ಮಂಚದ ಮೇಲೆ ಮೂಳೆ ಚಕ್ಕಳವಾದ ಗಂಡಸೊಬ್ಬ ಕೂತು, ಲೋಟದ ನೀರನ್ನು ಒಂದೊಂದೇ ಗುಟುಕು ಕುಡಿಯುತ್ತಿದ್ದ. ಬಾಯಿಯ ಸುತ್ತ ಕೊಳವೆ ಕಟ್ಟಿದ್ದ ಗುರುತು. ಪಂಪಿನ ಸದ್ದು ಎಲ್ಲೂ ಇರಲಿಲ್ಲ.

"ನಮ್ಮೆಜಮಾನ್ರು" ಎಂದಳು ಮಿಸ್ತ್ರಿಯ ಹೆಂಡತಿ. "ಹತ್ತು ಗಂಟೆಗೆ ತಾವೇ ಎದ್ದು ಕೂತ್ರು." ಅವಳ ಮುಖದ ಮೇಲೆ ಅಳುವಿನ ಕಲೆ ಇನ್ನೂ ಆರಿರಲಿಲ್ಲ.

"ಗೊತ್ತಿದ್ದೂ ಕೊಟ್ರಾ?"

"ನೀನೂ ಗೊತ್ತಿದ್ದೇ ತಗೊಂಡೆ. ಹೇಳದೆ ಕೊಟ್ರೆ ಅದು ಬಿಡಲ್ಲಪ್ಪಾ. ಹೇಳಬೇಕು. ತಗೊಳ್ಳೋನು ಕೇಳಿಸ್ಕೊಂಡೂ ನಗಬೇಕು. ಅವನ ಮನೇಲಿ ಯಾರಾದ್ರೂ ಊದಬೇಕು, ಸ್ಟಾರ್ಟ್ ಆಗಬೇಕು. ಆಗ ಒಬ್ಬರ ಉಸಿರು ಬಿಟ್ಟು ಇನ್ನೊಬ್ಬರದ್ದನ್ನ ಹಿಡಿಯುತ್ತೆ. ನಮಗೆ ಕೊಟ್ಟವನೂ ಹೇಳೇ ಕೊಟ್ಟಿದ್ದ. ಇವರೂ ನಿನ್ನ ಹಾಗೇ ನಕ್ಕಿದ್ರು."

"ಇದನ್ನ ಮಾಡಿಸಿದ್ದು ಯಾರು?"

"ಯಾರಿಗೆ ಗೊತ್ತು. ಯಾರದೋ ಹೊಟ್ಟೆಕಿಚ್ಚು. ಮಿಸ್ತ್ರಿಯಾದವನು ಊದದೆ ಇರಲ್ಲ ಅಂತ ಗೊತ್ತಿದ್ದವನೇ ಮಾಡಿಸಿದ್ದು." ಒಳಗೆ ಹೋಗಿ ಕಾಲುಪಂಪು ತಂದು ಅವನ ಕೈಗಿಟ್ಟಳು. "ತಗೊಂಡ್ಹೋಗು. ನಮಗಿನ್ನು ಬೇಡ."

ಮಿಸ್ತ್ರಿ ಮೊದಲ ಸಲ ಬಾಯಿಬಿಟ್ಟ. ದನಿ ಒಣಗಿತ್ತು, ಆದರೆ ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಹೇಳುವ ಪ್ರೀತಿಯಿತ್ತು. "ಎಂಜಿನ್ನೊಂದನ್ನೇ ನಂಬಬೇಡ ತಮ್ಮಾ, ಜಾಮಾಗುತ್ತೆ. ಮಧ್ಯೆ ಮಧ್ಯೆ ಪಂಪು ಒತ್ತು. ನಿಮಿಷಕ್ಕೆ ಹದಿನಾಲ್ಕು. ಮೋಟಾರು ಕಟ್ಟಿದ್ರೆ ಗಾಳಿ ಒಳಗೆ ನಿಲ್ಲಲ್ಲ, ಮನುಷ್ಯನೇ ಒತ್ತಬೇಕು. ಇವಳು ಹಗಲು ಒತ್ತೋಳು, ನಮ್ಮಮ್ಮ ರಾತ್ರಿ. ವಾಶರಿಗೆ ಎಣ್ಣೆ ಬಿಡೋದು ಮರೀಬೇಡ."

ಫಿಟ್ಟರನಿಗೆ ಸರದಿಗೆ ಬರುವವರು ಯಾರೂ ಇರಲಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟ. ಮಿಸ್ತ್ರಿ ಬೇಡವೆಂದರೂ ಮೋಟಾರು ಕಟ್ಟಿ ನೋಡಿದ. ಗಾಳಿ ಅಕ್ಕನ ಮೂಗಿನಿಂದ ಹಾಗೇ ಹೊರಬಂತು. ಕೊನೆಗೆ ಹೊಲಿಗೆ ಯಂತ್ರದ ಪೆಡಲಿಗೆ ಪಂಪು ಜೋಡಿಸಿದ. ಇಷ್ಟು ವರ್ಷ ಅವನಿಗಾಗಿ ಅಕ್ಕ ತುಳಿದ ಪೆಡಲನ್ನು ಈಗ ಅವನು ಅವಳಿಗಾಗಿ ತುಳಿಯಬೇಕಾಯಿತು. ಜಾಮಾಗದಿರಲೆಂದು ದಿನಕ್ಕೆ ನಾಲ್ಕೇ ಗಂಟೆ ಎಂಜಿನ್ನು ಓಡಿಸಿ, ಅದರ ಸದ್ದಿನಲ್ಲೇ ಮಲಗುತ್ತಿದ್ದ. ಉಳಿದ ಇಪ್ಪತ್ತು ಗಂಟೆ ಪೆಡಲು. ಮನೆಯೆಲ್ಲ ಹೊಗೆ, ಎಣ್ಣೆ, ಸುಟ್ಟ ಕೂದಲಿನ ವಾಸನೆ.

ಒತ್ತಿದ ಗಾಳಿ ಹೊರಬರುವಾಗ ಅಕ್ಕ ಎರಡೆರಡು ಮಾತಾಡುತ್ತಿದ್ದಳು. "ಯಾರಿಗೂ... ಕೊಡಬೇಡ್ವೋ." ಇನ್ನೊಂದು ಒತ್ತಿಗೆ, "ಸಾಕು... ನನ್ನ ಬಿಟ್ಟುಬಿಡು." ಅವನು ಕೇಳಿಸದವನಂತೆ ತುಳಿಯುತ್ತಿದ್ದ.

ಮೂರನೆಯ ತಿಂಗಳು ಎಂಜಿನ್ನಿನೊಳಗೆ ಒಂದು ಬಡಿತ ಶುರುವಾಯಿತು. ಅವನ ಕಿವಿ ಅದನ್ನು ಕೂಡಲೇ ಗುರುತಿಸಿತು. ಒಳಗೆ ಬೇರಿಂಗು ಹೋಗುತ್ತಿದೆ. ಹೆಚ್ಚೆಂದರೆ ಒಂದು ವಾರ. ಬಿಚ್ಚಿ ಸರಿಮಾಡೋಣವೆಂದರೆ ಎರಡು ಕೈಯಷ್ಟೇ ಸಾಲದು, ಪೆಡಲಿನಿಂದ ದೂರ ಹೋಗಬೇಕು. ಹಳೆಯ ಎಂಜಿನ್ನು ಕೊಡುವುದಿದೆ ಎಂದು ಅಂದೇ ಪೇಪರಿಗೆ ಹಾಕಿಸಿದ.

ನಾಲ್ಕನೆಯ ದಿನ ಮಧ್ಯಾಹ್ನ ಒಬ್ಬ ಕನ್ನಡಕದವನು ಸಣ್ಣ ವ್ಯಾನಿನಲ್ಲಿ, ಎತ್ತಲು ಇಬ್ಬರನ್ನು ಕರೆದುಕೊಂಡು ಬಂದ. ಹಳೆಯ ಬೈಕುಗಳೆಂದರೆ ಅವನಿಗೆ ಪ್ರಾಣವಂತೆ. ಎಂಜಿನ್ನನ್ನು ಮಗುವಿನಂತೆ ಸವರಿದ. ಫಿಟ್ಟರ್ ಕೂತಲ್ಲಿಂದ ಏಳಲಿಲ್ಲ. ಕಾಲು ಪೆಡಲಿನ ಮೇಲಿತ್ತು. ಕೊಳವೆ ಪರದೆಯ ಹಿಂದೆ ಹೋಗಿತ್ತು.

"ಬಿಚ್ಚಿ, ತೊಳೀರಿ. ಆದ್ರೆ ಇದರೊಳಗೆ ಬಾಯಿಟ್ಟು ಊದಬೇಡಿ, ಯಾರ ಕೈಲೂ ಊದಿಸಬೇಡಿ. ಮಾಟದ್ದು. ಉಸಿರು ಹಿಡ್ಕೊಳ್ಳುತ್ತೆ. ಕೇಳಿಸ್ತಾ?"

ಕನ್ನಡಕದವನು ಫಿಟ್ಟರನ ಗಡ್ಡ, ಕೆಂಪು ಕಣ್ಣು, ನಿಲ್ಲದ ಕಾಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಫಿಟ್ಟರನ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಅವನ ಮನೆಯಲ್ಲಿ ಯಾರಿದ್ದಾರೋ. ಕೇಳಲಿಲ್ಲ.

ಎಂಜಿನ್ನನ್ನು ಬೈಕಿನಿಂದ ಅವರೇ ಇಳಿಸಿಕೊಂಡು ವ್ಯಾನಿಗೆ ಏರಿಸಿದರು. ಕನ್ನಡಕದವನು ಗೇಟಿನಾಚೆ ನಿಂತು, ಕೈ ಒರೆಸಿಕೊಳ್ಳುತ್ತಾ, ಇನ್ನೂ ನಗುತ್ತಲೇ ಕೂಗಿ ಹೇಳಿದ:

"ಹೆದರಬೇಡಿ ಸಾರ್. ಈಗ ಬಾಯಲ್ಲಿ ಯಾರು ಊದ್ತಾರೆ? ನಮ್ಮನೇಲಿ ಗಾಳಿ ಮಷಿನ್ ಇದೆ. ಅದರ ಗನ್ ಹಿಡಿದ್ರೆ ಆಯ್ತು, ಕಸವೆಲ್ಲ ಹಾರಿಹೋಗುತ್ತೆ."

"ನಿಲ್ಲಿ" ಎಂದ ಫಿಟ್ಟರ್. ಏಳಲು ಹೋದ. ಪೆಡಲು ನಿಂತಿತು. ಪರದೆಯ ಹಿಂದೆ ಉಸಿರು ನಿಂತಿತು. ಕೂತ. ತುಳಿದ. "ನಿಲ್ಲಿ ಸ್ವಾಮಿ, ಕೊಡಲ್ಲ, ವಾಪಸ್ ಇಳಿಸಿ." ವ್ಯಾನು ಸ್ಟಾರ್ಟ್ ಆಯಿತು. ಅದರ ಸದ್ದಿನಲ್ಲಿ ಅವನ ದನಿ ಯಾರಿಗೂ ಕೇಳಲಿಲ್ಲ. ಬೀದಿಯ ತಿರುವಿನವರೆಗೆ ಹೋಯಿತು. ತಿರುಗಿತು. ಸದ್ದೂ ಹೋಯಿತು.

ಮಲಗಲು ಇದ್ದ ನಾಲ್ಕು ಗಂಟೆಯೂ ಅದರ ಜೊತೆಗೇ ಹೋಯಿತು.

ಪರದೆಯ ಹಿಂದಿನಿಂದ, ಅವನು ಒತ್ತಿದ ಗಾಳಿಯಲ್ಲೇ, ಅಕ್ಕ ಕೇಳಿದಳು: "ಯಾರೋ... ಬಂದಿದ್ದು?"

"ಯಾರೂ ಇಲ್ಲಕ್ಕಾ. ಮಲಕ್ಕೋ."

ಬಲಗಾಲು ಮರಗಟ್ಟಿತ್ತು. ಅದನ್ನು ತೆಗೆದು ಎಡಗಾಲು ಇಟ್ಟ.