ಹೆಂಚಿನ ಮೇಲಿನ ಕಪ್ಪು ಚೌಕ

"ನಾನು ಮನೆಗೆ ಕಂಬಳಿ ಹೊದಿಸೋನು ಸಾರ್. ಮನುಷ್ಯರಿಗೆ ಮುಸುಕು ಹಾಕೋನಲ್ಲ," ಎಂದು ಆತ ನಮ್ಮ ಹಜಾರದ ನಡುವೆ ನಿಂತು ಹೇಳಿದ.

ಭಾವ ಮುಖದ ಮೇಲೆ ಪತ್ರಿಕೆ ಹಾಕಿಕೊಂಡು ಆರಾಮಕುರ್ಚಿಯಲ್ಲಿ ಮಲಗಿದ್ದರು. ಪತ್ರಿಕೆಯ ಅಡಿಯಿಂದಲೇ, "ಮೊದಲು ಕೂತ್ಕೊಳ್ಳಪ್ಪ. ನಿಂತವರ ಮಾತು ಕೇಳಿದರೆ ನನಗೆ ಕಾಲು ನೋಯುತ್ತೆ," ಎಂದರು.

ಭಾವ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಊರಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿರಲಿಲ್ಲ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ತೀರಿಕೊಂಡ ಮೇಲೆ ನಾನು ಅವರ ಜೊತೆಯಲ್ಲೇ ಉಳಿದಿದ್ದೆ. ಕಾರು ಓಡಿಸುವುದು, ಅಡುಗೆ ಸೀಯಿಸುವುದು ನನ್ನ ಪಾಲು. ಗಂಟು ಬಿಡಿಸುವುದು ಅವರ ಪಾಲು. ಆ ಚಳಿಗಾಲದ ಹೊತ್ತಿಗೆ ಇಬ್ಬರಿಗೂ ನಮ್ಮ ನಮ್ಮ ಪಾಲು ಸಾಕುಸಾಕಾಗಿತ್ತು.

ಬಂದವನನ್ನು ಎಲ್ಲರೂ ಕಂಬಳಿ ಮೇಸ್ತ್ರಿ ಎನ್ನುತ್ತಿದ್ದರು. ಹಳೆಯ ಮನೆಗಳ ಅಟ್ಟದಲ್ಲಿ ಗಾಜಿನ ಉಣ್ಣೆಯ ಹಾಸು ಹಾಸಿ, ಬಾಗಿಲು ಕಿಟಕಿಗಳ ಸಂದು ಮುಚ್ಚಿ, ಒಳಗಿನ ಬಿಸಿ ಸೋರಿ ಹೋಗದಂತೆ ಮಾಡುವುದು ಅವನ ಕಸುಬು. ಹಳೇ ಪೇಟೆಯ ಇಳಿಜಾರಿನಲ್ಲಿದ್ದ ಒಂದು ಎರಡಂತಸ್ತಿನ ಮನೆಗೆ ಅವನು ಹಾಗೆ ಹೊದಿಕೆ ಹಾಕಿ ಮುಗಿಸಿ ವಾರ ಕಳೆದಿತ್ತು. ಹಿಂದಿನ ದಿನ ಬೆಳಿಗ್ಗೆ ಆ ಮನೆಯೊಡತಿ ತನ್ನ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಗ್ಯಾಸ್ ಹೀಟರಿನ ವಿಷಗಾಳಿ ಹೊರಗೆ ಹೋಗದೆ ಕೋಣೆಯೊಳಗೇ ತುಂಬಿತ್ತು. ಅಟ್ಟದ ಮೂಲಕ ಸೂರಿನಾಚೆ ಹೋಗುವ ಹೊಗೆಕೊಳವೆಯನ್ನು ಬಿಚ್ಚಿದಾಗ ಒಳಗೆ ಗಾಜಿನ ಉಣ್ಣೆಯ ದೊಡ್ಡ ಮುದ್ದೆ ಸಿಕ್ಕಿತ್ತು.

"ಕೆಲಸದವರ ಅಜಾಗರೂಕತೆ ಅಂತ ಪೊಲೀಸರು ಬರ್ಕೊಂಡಿದ್ದಾರೆ ಸಾರ್. ಆ ಅಮ್ಮ ಇನ್ನೂ ಕಣ್ಣು ಬಿಟ್ಟಿಲ್ಲ. ಬಿಡದೇ ಹೋದರೆ ನಾನು ಕೊಲೆಗಾರ."

ಭಾವ ಪತ್ರಿಕೆ ತೆಗೆದರು. ನಿಟ್ಟುಸಿರುಬಿಟ್ಟು ನನ್ನತ್ತ ನೋಡಿದರು. ನಾನು ಕಾರಿನ ಕೀ ಹುಡುಕಲು ಎದ್ದೆ.

ಮೈ ಕೊರೆಯುವ ಬೆಳಗು. ರಸ್ತೆಬದಿಯ ಹುಲ್ಲಿನ ಮೇಲೂ ಮನೆಗಳ ಹೆಂಚಿನ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಬಳಿದ ಹಾಗಿತ್ತು. ಭಾವ ಒಳಗೆ ಹೋಗದೆ ಎದುರಿನ ಕಾಲುದಾರಿಯಲ್ಲಿ ನಿಂತು ಆ ಮನೆಯ ಸೂರನ್ನೇ ನೋಡತೊಡಗಿದರು. ನನಗೆ ಮೂಗು ಮರಗಟ್ಟಿತು. ಸೂರೆಲ್ಲ ಬಿಳಿ, ಎಡಗಡೆಯ ತುದಿಯಲ್ಲಿ ಮಾತ್ರ ಬಾಗಿಲಿನಷ್ಟು ಜಾಗದಲ್ಲಿ ಇಬ್ಬನಿ ಕರಗಿ ಒದ್ದೆ ಹೆಂಚು ಕಪ್ಪಗೆ ಕಾಣುತ್ತಿತ್ತು.

"ಮೇಸ್ತ್ರಿ, ನಿನ್ನ ಕೆಲಸ ಮುಗಿದ ಮೇಲೆ ಹೀಗೆ ಇಬ್ಬನಿ ಬಿದ್ದಿತ್ತಾ?"

"ಮಾರನೇ ದಿನವೇ ಬಿದ್ದಿತ್ತು ಸಾರ್. ಬಂದು ಫೋಟೋನೂ ತೆಗ್ದಿದ್ದೆ. ಬಿಸಿ ಮೇಲಕ್ಕೆ ಹೋಗದಿದ್ದರೆ ತಾನೇ ಹೆಂಚು ಬಿಳಿಯಾಗಿರೋದು? ಗಿರಾಕಿಗಳಿಗೆ ತೋರಿಸೋಕೆ ಬೇಕಲ್ಲ." ಅವನು ಮೊಬೈಲ್ ಚಾಚಿದ. ಚಿತ್ರದಲ್ಲಿ ಸೂರು ಈ ತುದಿಯಿಂದ ಆ ತುದಿಯವರೆಗೆ ಬಿಳಿಯಾಗಿತ್ತು. ನಡುವೆ ಹೊಗೆಕೊಳವೆಯ ಸುತ್ತ ಮಾತ್ರ ಕಪ್ಪು ಬಳೆಯಂತೆ ಇಬ್ಬನಿ ಕರಗಿತ್ತು.

ಭಾವ "ಹೂಂ" ಎಂದರು. ಅವರ ಹೂಂಗಳಲ್ಲಿ ನಾಲ್ಕಾರು ಬಗೆ ಉಂಟು. ಇದು ಒಳ್ಳೆಯ ಹೂಂ.

ಬಾಗಿಲು ತೆರೆದವಳು ಮನೆಯೊಡತಿಯ ತಮ್ಮನ ಹೆಂಡತಿ. ಹಿಂದಿನ ದಿನ ಚಹಾ ಕೊಡಲು ಹೋಗಿ, ಗಂಡನ ಅಕ್ಕನ ಸ್ಥಿತಿ ನೋಡಿ ಕಿಟಕಿ ಒಡೆದು ಕೂಗಿಕೊಂಡವಳು ಅವಳೇ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಕಣ್ಣಡಿಯಲ್ಲಿ ಕಪ್ಪು ಕಟ್ಟಿತ್ತು.

"ನೋಡಿ, ಸುಳ್ಳು ಹೇಳಲ್ಲ. ನನಗೆ ಸಾಕಾಗಿತ್ತು," ಎಂದು ಕೇಳುವ ಮೊದಲೇ ಹೇಳಿದಳು. "ಬೆಳಗಾದರೆ ದೊಡ್ಡಕ್ಕನಿಗೆ ತಲೆ ಬಾಚಬೇಕು, ಸ್ವೆಟರ್ ತೊಡಿಸಬೇಕು, ಗುಂಡಿ ಹಾಕಬೇಕು. ಆಮೇಲೆ ಅಡುಗೆ. ನನ್ನ ಗಂಡ ಬೆಳಿಗ್ಗೆ ಕನ್ನಡಕದಂಗಡಿಗೆ ಹೋದರೆ ಬರೋದು ದೀಪ ಹಚ್ಚಿದ ಮೇಲೆ. ಇನ್ಸ್‌ಪೆಕ್ಟರ್ ನನ್ನ ಮುಖವನ್ನೇ ದುರುಗುಟ್ಟಿ ನೋಡ್ತಿದ್ದರು. ನೋಡಲಿ."

ದೊಡ್ಡಕ್ಕ ಎನ್ನುವುದು ಮನೆಯೊಡತಿಗೆ ಎಲ್ಲರೂ ಕರೆಯುವ ಹೆಸರು. ಮದುವೆಯಾಗದೆ, ನಕ್ಷೆ ತಯಾರಿಸುವ ಕಚೇರಿಯಲ್ಲಿ ದುಡಿದು ತಮ್ಮನನ್ನು ಬೆಳೆಸಿದವಳು. ಅವಳ ಕೋಣೆ ಮಹಡಿಯಲ್ಲಿತ್ತು. ಮೇಲಿನ ಕಪಾಟುಗಳು ಧೂಳು ಹಿಡಿದು ಖಾಲಿ. ಪುಸ್ತಕ, ಔಷಧಿ, ಬಟ್ಟೆ ಎಲ್ಲವೂ ಸೊಂಟದೆತ್ತರದ ಮೇಜಿನ ಮೇಲೆ, ಕುರ್ಚಿಯ ಬೆನ್ನ ಮೇಲೆ. ಬಾಗಿಲ ಚೌಕಟ್ಟಿನ ಮೇಲುಗಡೆ, ವಿಷಗಾಳಿ ತುಂಬಿದರೆ ಕಿರುಚಲೆಂದು ಮೇಸ್ತ್ರಿ ಹಾಕಿದ್ದ ಅಲಾರಂ ಇತ್ತು. ಮುಚ್ಚಳ ತೆರೆದಿತ್ತು, ಒಳಗೆ ಬ್ಯಾಟರಿ ಇರಲಿಲ್ಲ. ಮುಟ್ಟಲು ನಾನು ತುದಿಗಾಲಲ್ಲಿ ನಿಲ್ಲಬೇಕಾಯಿತು.

ದೊಡ್ಡಕ್ಕನ ತಮ್ಮ ಅಲ್ಲಿಗೆ ಬಂದ. ಹೆಂಡತಿ ಕೆಳಗೆ ಅಡುಗೆಮನೆಯಲ್ಲಿದ್ದಳು. ಐವತ್ತರ ಆಸುಪಾಸಿನ ಸಂಭಾವಿತ ಮನುಷ್ಯ. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ. "ಸುಮ್ಮಸುಮ್ಮನೆ ಕಿರುಚುತ್ತೆ ಅಂತ ಅಕ್ಕನೇ ಬ್ಯಾಟರಿ ಕಿತ್ತು ಹಾಕಿದ್ದಳು. ಹಾಕ್ಕೋ ಅಂತ ಬಡ್ಕೊಂಡೆ. ಕೇಳ್ಬೇಕಲ್ಲ," ಎಂದು ಅಂಗಿಯ ತೋಳಿನೊಳಗೆ ಬೆರಳು ತೂರಿಸಿ ಮಣಿಕಟ್ಟು ಕೆರೆದುಕೊಂಡ. "ಇಂಥ ಹಳೇ ಮನೆಗೆ ಹೊದಿಕೆ ಹಾಕಿಸೋದೇ ಬೇಡ ಅಂದಿದ್ದೆ."

ಮಹಡಿಯ ಎಡ ತುದಿಯ ಕೋಣೆಯಲ್ಲಿ ಬಾಡಿಗೆಗಿದ್ದ ಪಿಟೀಲು ಮೇಷ್ಟ್ರು ಶಾಲು, ಟೋಪಿ, ಎರಡೆರಡು ಕಾಲುಚೀಲ ಹಾಕಿಕೊಂಡು ಕೂತಿದ್ದರು. ಅಪಸ್ವರದ ವಿಚಾರಕ್ಕೆ ಅವರಿಗೂ ದೊಡ್ಡಕ್ಕನಿಗೂ ಹಿಂದಿನ ವಾರ ಜಗಳವಾಗಿತ್ತಂತೆ. "ಆದರೂ ನನ್ನನ್ನೇ ಕೂಗಿ ಮೇಲಿರೋ ಪುಸ್ತಕ ಇಳಿಸಿಕೊಡಿ ಅನ್ನೋರು," ಎಂದರು. "ಹೊದಿಕೆ ಹಾಕಿದಾಗ ಸ್ವರ್ಗ ಸಾರ್. ಮೊನ್ನೆಯಿಂದ ಮತ್ತೆ ಹಳೇ ಕಥೆ. ಬೆರಳೇ ಮಡಚಲ್ಲ."

ಭಾವನ ಮೊಣಕಾಲಿಗೆ ಏಣಿ ಆಗದು. ಪಡಸಾಲೆಯ ಮೇಲಿದ್ದ ಕಿಂಡಿಯಿಂದ ಅಟ್ಟಕ್ಕೆ ಹತ್ತಿದವನು ನಾನು. ಹೊಗೆಕೊಳವೆ ಕಿಂಡಿಯ ಪಕ್ಕದಲ್ಲೇ ಇತ್ತು. ಅದರ ಸುತ್ತ ಉಣ್ಣೆ ಒಂದೆಳೆಯೂ ಅಲುಗಿರಲಿಲ್ಲ. ಎಡ ತುದಿಯಲ್ಲಿ, ಮೇಷ್ಟ್ರ ಕೋಣೆಯ ನೆತ್ತಿಯ ಮೇಲೆ, ಹಾಸಿನ ಒಂದು ದೊಡ್ಡ ತುಂಡನ್ನೇ ಹರಿದು ತೆಗೆದಿದ್ದರು.

"ಮುಟ್ಬೇಡಿ!" ಎಂದು ಕೆಳಗಿನಿಂದ ಮೇಸ್ತ್ರಿ ಕೂಗಿದ. "ಕೈಗವಸು ಇಲ್ದೆ ಮುಟ್ಟಿದರೆ ದಿನಗಟ್ಟಲೆ ತುರಿಕೆ." ಮುಟ್ಟಿಯಾಗಿತ್ತು. ಏಣಿ ಇಳಿಯುವಷ್ಟರಲ್ಲಿ ನಾನು ತುರಿಕೆ ಕೋತಿಯಾಗಿದ್ದೆ. ಭಾವ ನನ್ನ ಕೈಯನ್ನೇ ನೋಡಿ, "ಇನ್ಸ್‌ಪೆಕ್ಟರಿಗೆ ಬರೋಕೆ ಹೇಳು. ಎಲ್ಲರೂ ಕೆಳಗೆ ಕೂರಲಿ," ಎಂದರು. ಅವರ ದನಿಯಲ್ಲಿ ಗೆಲುವಿರಲಿಲ್ಲ. ಹೊರೆ ಹೊತ್ತು ಮೆಟ್ಟಿಲು ಹತ್ತುವವರ ದನಿಯಾಗಿತ್ತು.

ಇನ್ಸ್‌ಪೆಕ್ಟರ್ ಬಂದ ಮೇಲೆ ಮುಂದಿನ ಕೋಣೆಯಲ್ಲಿ ಐವರೂ ಕೂತರು. ಭಾವ ಗೋಡೆಗೆ ಒರಗಿ ನಿಧಾನವಾಗಿ ಶುರುಮಾಡಿದರು.

"ಮೊದಲು ಮೇಸ್ತ್ರಿಯ ಮಾತು. ಅವನ ಫೋಟೋದಲ್ಲಿ ಕೊಳವೆಯ ಸುತ್ತ ಇಬ್ಬನಿ ಕರಗಿದೆ. ಅಂದರೆ ಕೆಲಸ ಮುಗಿದ ಮೇಲೂ ಬಿಸಿಹೊಗೆ ಸರಾಗವಾಗಿ ಹೋಗ್ತಿತ್ತು, ಕೊಳವೆ ತೆರೆದೇ ಇತ್ತು. ಉಳಿದ ಸೂರೆಲ್ಲ ಬಿಳಿ, ಅಂದರೆ ಹೊದಿಕೆ ಪೂರ್ತಿಯಾಗಿತ್ತು. ಇವತ್ತು ಮೇಷ್ಟ್ರ ಕೋಣೆ ಮೇಲೆ ಕಪ್ಪು ಚೌಕ. ಅಲ್ಲಿಂದ ಉಣ್ಣೆ ಕಿತ್ತು ಕೊಳವೆಗೆ ತುರುಕಿದ್ದಾರೆ. ಮೇಷ್ಟ್ರಿಗೆ ಚಳಿ ಮರಳಿದ್ದು ಆವಾಗಲೇ. ಮೇಸ್ತ್ರಿ ಆ ಹೊತ್ತಿಗೆ ಈ ಮನೆ ಬಿಟ್ಟಾಗಿತ್ತು."

ಮೇಸ್ತ್ರಿ ಮುಖ ಒರೆಸಿಕೊಂಡ.

"ಹಾಗಾದ್ರೆ ಮನೆಯವರದ್ದೇ ಕೆಲಸ," ಎಂದು ಇನ್ಸ್‌ಪೆಕ್ಟರ್ ತಮ್ಮನ ಹೆಂಡತಿಯತ್ತ ತಿರುಗಿದರು.

"ತಡಿ ಮಾರಾಯ. ಕೊಳವೆಯ ಪಕ್ಕದ ಉಣ್ಣೆ ಕಿತ್ತರೆ, ಕಿಂಡಿ ತೆಗೆದವರಿಗೆ ತಕ್ಷಣ ಗೊತ್ತಾಗುತ್ತೆ. ದೂರದಿಂದ ಕೀಳಬೇಕು. ಯಾರ ನೆತ್ತಿ ಮೇಲಿಂದ? ತನ್ನ ನೆತ್ತಿಯದ್ದನ್ನ ಯಾರೂ ಕೀಳಲ್ಲ. ಅಲ್ಲಿಗೆ ಮೇಷ್ಟ್ರು ಹೊರಗಾದರು. ಉಳಿದವರು ಇಬ್ಬರು." ಭಾವ ಆಕೆಯತ್ತ ತಿರುಗಿದರು. "ದೊಡ್ಡಕ್ಕನಿಗೆ ನೀವೇ ಯಾಕೆ ತಲೆ ಬಾಚ್ತಿದ್ದಿರಿ?"

"ಇನ್ನೇನು ಮಾಡೋದು? ಎರಡೂ ಭುಜ ಹಿಡ್ಕೊಂಡಿದೆ. ಕೈ ಎದೆಗಿಂತ ಮೇಲೆ ಬರಲ್ಲ. ವರ್ಷದ ಮೇಲಾಯ್ತು."

"ಅಲಾರಂ ಇರೋದು ಬಾಗಿಲ ಮೇಲೆ. ಅದರ ಬ್ಯಾಟರಿಯನ್ನ ದೊಡ್ಡಕ್ಕನೇ ಕಿತ್ತರು ಅಂತ ಒಬ್ಬರು ನನಗೆ ಹೇಳಿದರು. ನೀವು ಆ ಸುಳ್ಳು ಹೇಳ್ತಿರಲಿಲ್ಲ; ಅವರ ಕೈ ಏಳಲ್ಲ ಅಂತ ದಿನಾ ನೋಡೋ ನಿಮಗೆ ಗೊತ್ತು. ಪುಸ್ತಕ ಇಳಿಸಿಕೊಡೋ ಮೇಷ್ಟ್ರಿಗೂ ಗೊತ್ತು. ಈ ಮನೇಲಿ ಅದು ಗೊತ್ತಿಲ್ಲದವರು ಒಬ್ಬರೇ. ಸ್ವಾಮಿ, ಅಂಗಿ ತೋಳು ಸ್ವಲ್ಪ ಮಡಚಿ."

ತಮ್ಮ ಅಲುಗಾಡಲಿಲ್ಲ. ಹೆಂಡತಿಯೇ ಎದ್ದು ಬಂದು ಅವನ ಅಂಗಿಯ ತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ದದ್ದು, ನನ್ನ ಕೈಯ ಮೇಲೆದ್ದದ್ದರ ಹಾಗೆಯೇ. ಅವಳು ತೋಳನ್ನು ಬಿಟ್ಟು ಗೋಡೆಯವರೆಗೆ ಹಿಂದಕ್ಕೆ ಸರಿದಳು.

"ಅವಳ ಕೈ..." ಎಂದ ಆತ. "ತಲೆ ಬಾಚಿಸ್ಕೊಳ್ಳೋದೆಲ್ಲ ಬರೀ ಮುದ್ದು ಅಂದ್ಕೊಂಡಿದ್ದೆ."

"ಯಾಕ್ರೀ?" ಎಂದಳು ಹೆಂಡತಿ.

"ಈ ಮನೆ ಇವತ್ತು ಬೀಳುತ್ತೆ, ನಾಳೆ ಬೀಳುತ್ತೆ, ಆಮೇಲೆ ನಮ್ಮದೂ ಅಂತ ಒಂದು ಗೂಡು ಮಾಡ್ಕೊಳ್ಳೋಣ ಅಂತ ಕಾದೆ. ಹುಟ್ಟಿದಾಗಿನಿಂದ ಅವಳ ರೆಕ್ಕೆ ಕೆಳಗೇ ಇದೀನಿ. ಅಟ್ಟಕ್ಕೆ ಹೊದಿಕೆ ಹಾಕಿ ಮೇಸ್ತ್ರಿ ಹೇಳ್ದ, ಇನ್ನು ಒಂದು ತಲೆಮಾರು ಈ ಮನೆಗೆ ಏನೂ ಆಗಲ್ಲ ಅಂತ. ಅವತ್ತು ನನಗೆ ಉಸಿರೇ ಕಟ್ಟಿತು." ಇನ್ಸ್‌ಪೆಕ್ಟರ್ ಹೆಗಲು ಮುಟ್ಟಿದಾಗ ಆತ ಪ್ರತಿಭಟಿಸಲಿಲ್ಲ. ಹಗುರಾದವನಂತೆ ಎದ್ದ.

ಎರಡು ದಿನ ಕಳೆದು ದೊಡ್ಡಕ್ಕ ಕಣ್ಣು ಬಿಟ್ಟಳೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ಬೆಳಿಗ್ಗೆಯಷ್ಟೇ ಹೇಳಿಕೆ ಕೊಡಲು, ತಮ್ಮನನ್ನು ಇಟ್ಟಿದ್ದ ಠಾಣೆಗೆ ಹೋಗಿ, ಅಲ್ಲಿ ಕೋಟು ಬಿಚ್ಚದೆ ಕೂತು ಹಲ್ಲು ಕಟಕಟಿಸಿ ಬಂದಿದ್ದೆವು. ತಮ್ಮನ ವಿಷಯ ಅವಳಿಗೆ ಹೇಳುವ ಕೆಲಸ ಇನ್ಸ್‌ಪೆಕ್ಟರರದು. ಅವರು ಜಾರಿಕೊಂಡಿದ್ದರಿಂದ ಅದು ಭಾವನ ತಲೆಗೆ ಬಿತ್ತು.

ಆಸ್ಪತ್ರೆಯಲ್ಲಿ ಭಾವ ಸುತ್ತಿಬಳಸದೆ ಹೇಳಿದರು. ಆಕೆ ಚಾವಣಿ ನೋಡುತ್ತಾ ಕೇಳಿಸಿಕೊಂಡಳು.

"ಮೇಸ್ತ್ರಿಗೆ ಏನೂ ತೊಂದರೆಯಾಗಲಿಲ್ಲ ತಾನೆ?"

"ಇಲ್ಲಮ್ಮ."

"ತಮ್ಮನ ಕೋಣೆಯಿಂದಲೇ ಶುರುಮಾಡಿ ಅಂತ ಮೇಸ್ತ್ರಿಗೆ ನಾನೇ ಹೇಳಿದ್ದೆ," ಎಂದಳು. "ಚಿಕ್ಕವನಿದ್ದಾಗ ಮಂಜುಗಡ್ಡೆಯಂಥ ಕಾಲು ತಂದು ನನ್ನ ಹೊದಿಕೆಯೊಳಗೆ ತೂರಿಸೋನು. ಚಳಿ ಅವನಿಗೆ ತಡೆಯೋಕಾಗಲ್ಲ. ನನಗೇನು, ನಾನು ಹೇಗಿದ್ದರೂ ಇರ್ತೀನಿ."

ಭಾವ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದರು. ಇಷ್ಟು ವರ್ಷ ಅವರ ಜೊತೆ ತಿರುಗಿದ್ದೆ. ಕಳ್ಳನಿಗಾಗಲಿ ಸಾಕ್ಷಿಗಾಗಲಿ ಅವರು ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅವನನ್ನ ಇಟ್ಟಿದ್ದಾರಲ್ಲ," ಎಂದಳು ದೊಡ್ಡಕ್ಕ, "ಅಲ್ಲಿ ಬೆಚ್ಚಗಿದೆಯಾ?"

"ಇದೆಯಮ್ಮ," ಎಂದರು ಭಾವ. "ತುಂಬಾ ಬೆಚ್ಚಗಿದೆ."